ಹುಣಸೆ ಕುಟ್ಟಿದ ದಿನ

ಅಂಗಡಿಯಿಂದ ತಂದ ಹುಣಸೆಹಣ್ಣನ್ನು ನಾನು ಇವತ್ತಿಗೂ ನೇರವಾಗಿ ನೀರಿಗೆ ಹಾಕುವುದಿಲ್ಲ. ಮೊದಲು ಹೆಬ್ಬೆರಳಿನಲ್ಲಿ ಒತ್ತಿ ನೋಡುತ್ತೇನೆ, ಎಲ್ಲಾದರೂ ಬೀಜ ಉಳಿದಿದೆಯೇ ಅಂತ. "ಬೀಜ ತೆಗೆದದ್ದೇ ಅತ್ತೆ, ಅಂಗಡಿಯವನು ಆಣೆ ಮಾಡಿ ಹೇಳಿದ್ದಾನೆ" ಎನ್ನುತ್ತಾಳೆ ಸೊಸೆ. ಮಾಡಿರಬಹುದು. ಅಂಗಡಿಯವನ ಆಣೆಯ ಮೇಲೆ ನನಗೆ ನಂಬಿಕೆ ಇದೆ. ನನ್ನ ಹೆಬ್ಬೆರಳಿಗೆ ಇಲ್ಲ. ಯಾವಾಗಲೋ ಒಮ್ಮೆ ಒಂದು ಬೀಜ ಸಿಕ್ಕಿಬಿಟ್ಟರೆ ನನಗಾಗುವ ಸಂತೋಷ ನೋಡಿ ಸೊಸೆಗೆ ಸಿಟ್ಟು ಬರುತ್ತದೆ. ಅತ್ತೆಯಂದಿರಿಗೆ ಅಷ್ಟಾದರೂ ಸಂತೋಷ ಬೇಡವೇ ಹೇಳಿ?

ಈ ಚಾಳಿ ಹತ್ತಿದ್ದು ಮಳವಳ್ಳಿಯಲ್ಲಿ. ನಮ್ಮ ತಂದೆ ಅಲ್ಲಿ ಮಿಡ್ಲ್ ಸ್ಕೂಲು ಮೇಷ್ಟ್ರು. ತಂದೆಯನ್ನು ನಾವು ಅಣ್ಣ ಎಂದು ಕರೆಯುತ್ತಿದ್ದೆವು. ಹಳೇ ಮೈಸೂರಿನ ಎಷ್ಟೋ ಮನೆಗಳಲ್ಲಿ ಹಾಗೇ. ಬಾಡಿಗೆಯ ಹೆಂಚಿನ ಮನೆ. ಮುಂಬಾಗಿಲಿನಲ್ಲಿ ನಿಂತರೆ ಪಡಸಾಲೆ, ನಡುಮನೆ ಎಲ್ಲ ದಾಟಿ ಹಿತ್ತಿಲ ಬಾಗಿಲು ನೇರ ಕಾಣುತ್ತಿತ್ತು. ಗಾಳಿ ಆಡಲಿ ಅಂತ ಹಾಗೆ ಕಟ್ಟಿದ್ದರಂತೆ. ಗಾಳಿ ಆಡಿದ್ದು ನನಗೆ ನೆನಪಿಲ್ಲ, ಮಾತಂತೂ ಚೆನ್ನಾಗಿ ಆಡುತ್ತಿತ್ತು. ಪಡಸಾಲೆಯಲ್ಲಿ ಗಂಡಸರು ಪಿಸುಗುಟ್ಟಿದರೂ ಹಿತ್ತಿಲ ಜಗಲಿಯಲ್ಲಿ ಹೆಂಗಸರಿಗೆ ಕೇಳುತ್ತಿತ್ತು. ನಮ್ಮ ಪಕ್ಕದಲ್ಲೇ ಇರುವ ಬ್ಲಫಿನ ಪವರ್‌ಹೌಸಿನಲ್ಲಿ ಹುಟ್ಟಿದ ಕರೆಂಟು ತಂತಿ ಹಿಡಿದು ಎಲ್ಲೆಲ್ಲಿಗೋ ಹೋಗುತ್ತಿತ್ತಂತೆ. ನಮ್ಮ ಮನೆಗೆ ಮಾತ್ರ ಬೀಸಣಿಗೆ. ಅದನ್ನು ಬೀಸುವವಳು ನಾನು. ಸ್ಕೂಲಿಗೆ ಬೇಸಿಗೆ ರಜ ಬಂದರೆ ಅಣ್ಣ ಪಡಸಾಲೆಯಲ್ಲಿ ಮೈಬಿಟ್ಟುಕೊಂಡು ಕೂತು, ಹಳೆಯ ಪೇಪರನ್ನೇ ಮತ್ತೆ ಓದುತ್ತ, "ಪದ್ದೂ, ನಿದ್ದೆ ಮಾಡ್ತಿದೀಯೇನೇ?" ಎಂದು ಗದರುತ್ತಿದ್ದರು.

ಗಂಡಸರ ರಜದಲ್ಲೇ ಹೆಂಗಸರ ಕೆಲಸ ಹೆಚ್ಚು. ಮೊದಲು ಮೆಣಸಿನಕಾಯಿ ಒಣಗಿಸುವುದು, ಆಮೇಲೆ ಸಂಡಿಗೆ, ಆಮೇಲೆ ಹಪ್ಪಳ, ಎಲ್ಲಕ್ಕಿಂತ ಕೊನೆಗೆ ಹುಣಸೆಹಣ್ಣು. ಹಪ್ಪಳ ಸಂಡಿಗೆಯಾದರೆ ಹಸೀ ಹಿಟ್ಟನ್ನಾದರೂ ಕದ್ದು ತಿನ್ನಬಹುದು. ಹುಣಸೆ ಕುಟ್ಟುವುದರಲ್ಲಿ ಅಂಥ ಸುಖವಿಲ್ಲ. ಓಡು ಬಿಡಿಸಬೇಕು, ನಾರು ಎಳೆಯಬೇಕು, ಗುಂಡುಕಲ್ಲಿನಲ್ಲಿ ಕುಟ್ಟಿ ಬೀಜ ಚಿಮ್ಮಿಸಬೇಕು. ಅಷ್ಟು ಹೊತ್ತಿಗೆ ಬೆರಳ ಸಂದಿಯೆಲ್ಲ ಹುಳಿ ಹತ್ತಿ ಉರಿಯುತ್ತದೆ. ಆಮೇಲೆ ಕಲ್ಲುಪ್ಪು ಬೆರೆಸಿ ಜಾಡಿಗೆ ಒತ್ತುವಾಗ ಆ ಉರಿಗೆ ಉಪ್ಪೂ ಸೇರುತ್ತದೆ. ಒಟ್ಟಿನಲ್ಲಿ ವರ್ಷವಿಡೀ ಸಾರು ರುಚಿಯಾಗಿರಬೇಕಾದರೆ ಒಂದು ದಿನ ಯಾರದಾದರೂ ಕೈ ಉರಿಯಬೇಕು.

ಹಣ್ಣು ತರುತ್ತಿದ್ದವಳು ಕೆಂಪಮ್ಮ. ಊರಾಚೆಯ ಹಳ್ಳಿಯವಳು. ಕುಕ್ಕೆಯಲ್ಲಿ ಹಣ್ಣು ಹೊತ್ತು ತಂದು, ತಾನೂ ಹಿತ್ತಿಲ ಜಗಲಿಯಲ್ಲಿ ಕೂತು ಕುಟ್ಟಿಕೊಟ್ಟು, ಮಧ್ಯಾಹ್ನ ಉಂಡು, ಬೀಜವನ್ನೆಲ್ಲ ಮಡಿಲಿಗೆ ಕಟ್ಟಿಕೊಂಡು ಹೋಗುತ್ತಿದ್ದಳು. ಬಾಯಿ ಜೋರು. ಅಮ್ಮನಿಗೆ ಅವಳನ್ನು ಕಂಡರೆ ಸ್ವಲ್ಪ ಹೆದರಿಕೆಯೇ.

ಆ ವರ್ಷ ಕುಟ್ಟುವುದಕ್ಕೆ ಇನ್ನೊಂದು ಕೈ ಇತ್ತು. ನನ್ನ ಅಕ್ಕ ನಾಗು. ಯುಗಾದಿಗೆ ಅಂತ ಗಂಡನ ಮನೆಯಿಂದ ಬಂದವಳು ಹಬ್ಬ ಕಳೆದು ಎಷ್ಟೋ ದಿನವಾದರೂ ಇಲ್ಲೇ ಇದ್ದಳು. ಅವಳನ್ನು ಮಂಡ್ಯಕ್ಕೆ ಕೊಟ್ಟಿತ್ತು. ಭಾವ ಅಲ್ಲಿ ಗುಮಾಸ್ತೆ. ಊರಿನ ಹೊರಗೆ ಒಂದಿಷ್ಟು ಹೊಲವೂ ಇತ್ತು. ಮದುವೆಯಾಗಿ ಆರು ವರ್ಷ, ಮಕ್ಕಳಿರಲಿಲ್ಲ. ಅವಳು ಬಂದಾಗ ನನಗೆ ಹಿಡಿಸಲಾರದಷ್ಟು ಹಿಗ್ಗು, ಯಾಕೆಂದರೆ ಬೀಸಣಿಗೆಯ ಕೆಲಸ ಅವಳಿಗೆ ಹೋಯಿತು. ಬಾವಿಕಟ್ಟೆಯಲ್ಲಿ ಅಕ್ಕಪಕ್ಕದವರು "ಏನ್ರೀ, ನಾಗು ಇನ್ನೂ ಇಲ್ಲೇ?" ಎಂದಾಗ ಅಮ್ಮ "ಮಂಡ್ಯದಲ್ಲಿ ಈ ಸಲ ತುಂಬಾ ಸೆಖೆಯಂತೆ" ಎನ್ನುತ್ತಿದ್ದಳು, ಮಳವಳ್ಳಿಯಲ್ಲಿ ಮಂಜು ಬೀಳುತ್ತಿದೆಯೋ ಎಂಬಂತೆ.

ಕೆಂಪಮ್ಮನಿಗೆ ಈ ಸೆಖೆಯ ಕಥೆ ನಡೆಯಲಿಲ್ಲ. ಗುಂಡುಕಲ್ಲು ಕೈಗೆ ತೆಗೆದುಕೊಳ್ಳುತ್ತಲೇ ಕೇಳಿಬಿಟ್ಟಳು: "ಯಾಕವ್ವ ನಾಗವ್ವ, ಗಂಡನ ಮನೆಗೆ ಓಗಾಕಿಲ್ವಾ?"

"ಕರೆಸಿಕೋತೀವಿ ಅಂದಿದಾರೆ ಕೆಂಪಮ್ಮ. ಕರೆಸಿಕೊಂಡಾಗ ಹೋಗೋದು."

"ಅದ್ಯಾವ ಸೀಮೆ ಮಾತವ್ವ! ನಿನ್ನ ಮನೆಗೆ ನಿನ್ನ ಕರೀಬೇಕಾ?"

"ನಿನ್ನ ಬಾಯಿಗಿಂತ ಕೈ ಜೋರಾಗಿ ಆಡಲಿ" ಎಂದಳು ಅಮ್ಮ. ಮೂವರೂ ಕುಟ್ಟತೊಡಗಿದರು. ಚಿಮ್ಮಿದ ಬೀಜ ಆಯುವುದು ನನ್ನ ಕೆಲಸ.

ಬಿಸಿಲು ಜಗಲಿಯ ಅಂಚಿಗೆ ಬರುವ ಹೊತ್ತಿಗೆ ಬೀದಿಬಾಗಿಲಲ್ಲಿ "ಮೇಷ್ಟ್ರಿದಾರೋ?" ಎಂಬ ದನಿ ಕೇಳಿತು. ಅಕ್ಕನ ಮಾವ. ಮಂಡ್ಯದಿಂದ ಮದ್ದೂರಿಗೆ ರೈಲಿನಲ್ಲಿ, ಮದ್ದೂರಿನಿಂದ ಬಸ್ಸಿನಲ್ಲಿ ಬಂದಿದ್ದರು. ಅಚ್ಚ ಬಿಳಿಯ ಪಂಚೆ, ಹೆಗಲ ಮೇಲೆ ಜರಿ ಅಂಚಿನ ವಲ್ಲಿ, ಕೈಯಲ್ಲಿ ಮುತ್ತುಗದೆಲೆಯ ಪೊಟ್ಟಣ. ಅದರಲ್ಲಿ ಮದ್ದೂರು ಸ್ಟೇಷನ್ನಿನ ವಡೆ. ಹೋಟೆಲಿನದು ಅಂತ ಅಮ್ಮ ಮುಟ್ಟಲಿಲ್ಲ. ಮೈಲಿಗೆಯಾಗುವಷ್ಟು ಮಡಿ ನನಗಿರಲಿಲ್ಲವಾದ್ದರಿಂದ ಪೊಟ್ಟಣ ನನ್ನ ಪಾಲಿಗೆ ಬಂತು. ಅಂಥ ಒಳ್ಳೆಯ ಮನುಷ್ಯ ಇನ್ನೊಬ್ಬರಿಲ್ಲ ಎಂದು ನಾನು ತೀರ್ಮಾನಿಸಿದೆ. ಹತ್ತು ವರ್ಷದ ನ್ಯಾಯಾಧೀಶರನ್ನು ಒಲಿಸುವುದಕ್ಕೆ ವಡೆ ಸಾಕು.

"ಕರೆದುಕೊಂಡು ಹೋಗೋಕೆ ಬಂದಿದಾರೆ" ಎಂದಳು ಅಮ್ಮ. ಮುಖ ಅರಳಿತ್ತು. ಅಕ್ಕ ಕೂದಲಿಗೆ ಹತ್ತಿದ್ದ ನಾರು ತೆಗೆದುಕೊಂಡಳು, ಸೆರಗು ಸರಿಮಾಡಿಕೊಂಡಳು.

ಮಾವ ಕಾಲು ತೊಳೆದು, ನೀರು ಮಜ್ಜಿಗೆ ಕುಡಿದು, ಪಡಸಾಲೆಯಲ್ಲಿ ಕೂತು ಮಾತು ತೆಗೆದರು. "ಮೆಲ್ಲಗೆ ಕುಟ್ಟಿ" ಎಂದಳು ಅಮ್ಮ. ಕುಟ್ಟುವ ಸದ್ದು ತಗ್ಗಿತು. ಮಾವ ನೀರಿನ ವಿಷಯ ಹೇಳುತ್ತಿದ್ದರು. ನಾಲೆಯ ನೀರು ಮಂಡ್ಯದ ಕಡೆಗೆ ಹೊಸದಾಗಿ ಬಂದಿದ್ದ ಕಾಲ. ಅವರ ಹೊಲಕ್ಕೂ ಬಂದಿತ್ತು.

"ನೋಡಿ ಬೀಗರೇ, ನಮ್ಮಪ್ಪನ ಕಾಲದಿಂದ ಹುರುಳಿ ಬಿಟ್ಟು ಬೇರೆ ಕಾಣದ ನೆಲ. ಈಗ ಕಬ್ಬು ಆಳೆತ್ತರ ನಿಂತಿದೆ. ನಮ್ಮೋರ ಕೈಯಲ್ಲಿ ನಾಲ್ಕು ಕಾಸು ಆಡ್ತಿದೆ."

"ಬಹಳ ಸಂತೋಷ, ಬಹಳ ಸಂತೋಷ" ಎಂದರು ಅಣ್ಣ.

"ಸಂತೋಷವೇ. ಆದರೆ ಹುರುಳಿ ಹೊಲ ಯಾರ ಪಾಲಾದರೂ ಯಾರಿಗೇನು? ಗದ್ದೆ ಅಂತ ಆದಮೇಲೆ ಹಿಂದೆ ನೋಡಿಕೊಳ್ಳೋಕೆ ಒಂದು ಕುಡಿ ಬೇಕಲ್ಲ. ದಾಯಾದಿಗಳು ಈಗಲೇ ಬದುವಿನ ಮೇಲೆ ಓಡಾಡ್ತಿದಾರೆ." ಸ್ವಲ್ಪ ತಡೆದು, "ನಿಮ್ಮ ಮಗಳ ಮೇಲೆ ನಮಗೆ ಒಂದು ದೂರಿಲ್ಲ. ದೇವರಾಣೆ. ಅವಳ ಕೈಯ ಸಾರು ಉಂಡ ನಾಲಿಗೆಗೆ ಬೇರೆ ಸಾರು ಹತ್ತೋದಿಲ್ಲ. ಅವಳ ಸ್ಥಾನ ಅವಳಿಗೇ. ಮದ್ದೂರಿನ ಕಡೆ ಒಂದು ಹೆಣ್ಣು ನೋಡಿದ್ದೀವಿ. ಬರೋ ತಿಂಗಳು ಲಗ್ನ" ಎಂದರು.

ಹಿತ್ತಿಲಲ್ಲಿ ಕುಟ್ಟುವ ಸದ್ದು ನಿಂತಿತು.

"ಒಂದು ಕೋರಿಕೆ. ನಮ್ಮ ಮನೆಯಾಕೆಗೆ ಮೊಣಕಾಲು ಹಿಡಿದುಬಿಟ್ಟಿದೆ. ಮದುವೆ ಮನೆ ಅಂದರೆ ಹಪ್ಪಳ, ಸಂಡಿಗೆ, ಪುಡಿಗಳು, ಎಷ್ಟು ಕೆಲಸ! ನಾಗೂನ ಇವತ್ತೇ ಸಂಜೆ ಬಸ್ಸಿಗೆ ನನ್ನ ಜೊತೆ ಕಳಿಸಿಕೊಟ್ಟುಬಿಡಿ. ಅವಳು ನಿಂತರೆ ನಮಗೆ ಧೈರ್ಯ."

ನನ್ನ ಕಿವಿಗೆ ಬಿದ್ದದ್ದು ಮದುವೆ ಎಂಬ ಮಾತು ಮಾತ್ರ. "ಅಮ್ಮ, ಯಾರ ಮದುವೆ? ನನಗೆ ಹೊಸ ಲಂಗ ಹೊಲಿಸ್ತೀಯಾ?" ಎಂದೆ. ಅಮ್ಮ ನನ್ನತ್ತ ತಿರುಗಿ ನೋಡಿದ ನೋಟ ಏಟಿಗಿಂತ ಹೆಚ್ಚಾಗಿತ್ತು. ಕೆಂಪಮ್ಮ ನನ್ನ ರಟ್ಟೆ ಹಿಡಿದು ಪಕ್ಕಕ್ಕೆ ಎಳೆದುಕೊಂಡು "ಸುಮ್ಕಿರವ್ವ, ಸುಮ್ಕಿರು" ಎಂದಳು.

ಅಣ್ಣ ಏನು ಹೇಳುತ್ತಾರೋ ಅಂತ ಅಕ್ಕ ಕತ್ತು ನೀಡಿ ಕಾಯುತ್ತಿದ್ದಳು. ಪಡಸಾಲೆಯಲ್ಲಿ ಪೇಪರು ಮಡಿಸಿದ ಸದ್ದಾಯಿತು. ಆಮೇಲೆ ಅಣ್ಣನ ದನಿ: "ಮೊದಲು ಊಟ ಆಗಲಿ ಬೀಗರೇ. ಬಿಸಿಲಲ್ಲಿ ಬಂದಿದೀರಿ."

ನಮ್ಮ ಅಣ್ಣ ಕೆಟ್ಟವರಲ್ಲ. ಅಕ್ಕನಿಗೆ ತಾವೇ ಅಕ್ಷರ ಕಲಿಸಿದ್ದರು, ಮಗ್ಗಿ ಕಲಿಸಿದ್ದರು, ಜ್ವರ ಬಂದರೆ ರಾತ್ರಿಯೆಲ್ಲ ತೊಡೆಯ ಮೇಲೆ ಮಲಗಿಸಿಕೊಂಡಿದ್ದರು. ಸ್ಕೂಲಿನಲ್ಲಿ ಊರ ಮಕ್ಕಳಿಗೆಲ್ಲ ಬೆತ್ತ ಹಿಡಿದು "ಎದ್ದು ನಿಂತು ಗಟ್ಟಿಯಾಗಿ ಹೇಳೋ, ಹೆದರಬೇಡವೋ" ಎಂದು ಕೂಗುತ್ತಿದ್ದ ಗಂಟಲು ಅದು. ಅವತ್ತು ಆ ಗಂಟಲಿನಿಂದ ಹೊರಟದ್ದು ಊಟದ ಮಾತು.

ಎಲೆ ಹಾಕಿದ್ದಾಯಿತು. ಅಕ್ಕ ಅಮ್ಮನ ಕೈಯಿಂದ ಸೌಟು ತೆಗೆದುಕೊಂಡಳು. ಪಲ್ಯ ಬಡಿಸಿದಳು, ಕೋಸಂಬರಿ ಬಡಿಸಿದಳು, ಅನ್ನ ಹಾಕಿ ತುಪ್ಪ ಹಾಕಿದಳು. ನಾನು ಬೀಸಣಿಗೆ ಹಿಡಿದು ಬಾಗಿಲ ಬಳಿ ನಿಂತಿದ್ದೆ. ಸಾರು ಬಡಿಸುವಾಗ, ಮಾವನ ಎಲೆಯ ಮುಂದೆ ಬಗ್ಗಿದವಳು ಬಗ್ಗಿದಂತೆಯೇ ಹೇಳಿದಳು: "ಮಾವಯ್ಯ, ನಾನು ಬರೋದಿಲ್ಲ."

ಅವಳು ಅವರ ಎದುರಿಗೆ ಅಷ್ಟು ನೇರವಾಗಿ ಮಾತಾಡಿದ್ದು ಅದೇ ಮೊದಲಿರಬೇಕು. ಮಾವ ಸಿಟ್ಟಾಗಲಿಲ್ಲ. ಅನ್ನಕ್ಕೆ ಗುಳಿ ಮಾಡಿಕೊಂಡು, "ಇನ್ನೊಂದು ಸೌಟು ಹಾಕಮ್ಮ, ಗಟ್ಟಿಯಾಯ್ತು" ಎಂದರು.

ಅವಳು ಹಾಕಿದಳು. ಆಮೇಲೆ ಅಣ್ಣನ ಎಲೆಯ ಮುಂದೆ ಬಂದು, "ಅಣ್ಣ, ನೀವಾದರೂ ಹೇಳಿ. ನಾನು ಇಲ್ಲೇ ಇರ್ತೀನಿ. ಎರಡು ಹೊತ್ತು ಅನ್ನ ಹಾಕಿದರೆ ಸಾಕು" ಎಂದಳು.

ಅಣ್ಣ ತಲೆ ಎತ್ತಲಿಲ್ಲ. "ಊಟದ ಹೊತ್ತಿನಲ್ಲಿ ಇದೆಲ್ಲ ಯಾಕಮ್ಮ? ಹಿರಿಯರು ನಾವು ಮಾತಾಡಿಕೋತೀವಿ."

ಮಾತಾಡಿಕೊಳ್ಳಲಿಲ್ಲ. ಊಟವಾದ ಮೇಲೆ ಮಾವ ವಲ್ಲಿಯನ್ನು ತಲೆಯಡಿಗೆ ಸುತ್ತಿಟ್ಟುಕೊಂಡು ಮಲಗಿ ಗೊರಕೆ ಹೊಡೆದರು. ಅಣ್ಣ ಕಂಬಕ್ಕೆ ಒರಗಿ ಪೇಪರು ಹಿಡಿದರು. ಹಿತ್ತಿಲಲ್ಲಿ ಹುಣಸೆ ಕುಟ್ಟುವುದು ಮತ್ತೆ ಶುರುವಾಯಿತು. ಮಧ್ಯಾಹ್ನದ ಬಿಸಿಲಿನಲ್ಲಿ ಊರೇ ಸದ್ದಿಲ್ಲದೆ ಬಿದ್ದಿತ್ತು. ದಾರಿಯಲ್ಲಿ ಹೋಗುವವರು ಯಾರಾದರೂ ಇಣುಕಿದ್ದರೆ, ಎಷ್ಟು ನೆಮ್ಮದಿಯ ಮನೆ ಎಂದುಕೊಳ್ಳುತ್ತಿದ್ದರು.

ಅಮ್ಮನೇ ಬಾಯಿಬಿಟ್ಟಳು. "ಇಲ್ಲಿದ್ದರೆ ಏನು ಅಂತ ಇರ್ತೀಯೇ? ಗಂಡ ಬಿಟ್ಟವಳು ಅಂತಾರೆ. ಅಲ್ಲಿದ್ದರೆ ಹಿರೀ ಹೆಂಡತಿ ಅಂತಾದರೂ ಅಂತಾರೆ."

"ಅನ್ನಲಿ ಬಿಡಮ್ಮ."

"ನಿನಗೇನೋ ಬಿಡೋದು ಸುಲಭ. ನಾಳೆ ಈ ಪದ್ದೂಗೆ ಗಂಡು ಹುಡುಕಬೇಕು. ಬಂದೋರು ಮೊದಲು ಕೇಳೋದೇ ಅದು. ಅಕ್ಕ ಯಾಕೆ ತವರಿನಲ್ಲಿದಾಳೆ ಅಂತ. ಏನು ಹೇಳಲಿ? ಸೆಖೆ ಅಂತ ಹೇಳಲಾ?"

ಅಕ್ಕ ಕಲ್ಲು ಹಿಡಿದ ಕೈಯನ್ನು ಹಾಗೇ ನಿಲ್ಲಿಸಿ ನನ್ನನ್ನು ನೋಡಿದಳು. ನಾನು ಬೀಜಗಳನ್ನು ಎರಡು ಗುಡ್ಡೆ ಮಾಡಿ ಕರಿಯದು ಬೇರೆ ಕೆಂಪನೆಯದು ಬೇರೆ ಇಡುತ್ತಿದ್ದೆ. ನನ್ನ ಮದುವೆ ಎಂಬ ಪದಾರ್ಥವನ್ನು ಅಮ್ಮ ಎಲ್ಲಿಂದ ತೆಗೆದಳೋ ನನಗೆ ತಿಳಿಯಲಿಲ್ಲ. ನನ್ನನ್ನು ಯಾರೂ ಕೇಳಲಿಲ್ಲ. ಹುಟ್ಟದ ಮಗುವಿನ ಹೆಸರಿನಲ್ಲಿ ಅಕ್ಕನ ಮೇಲೆ ಸವತಿ ಬಂದಳು, ನೋಡದ ಗಂಡಿನ ಹೆಸರಿನಲ್ಲಿ ತವರಿನ ಬಾಗಿಲು ಮುಚ್ಚಿತು. ಇಬ್ಬರೂ ಎಲ್ಲೂ ಇಲ್ಲದವರು. ಇದ್ದವಳು ಅಕ್ಕ ಒಬ್ಬಳೇ.

ಕೆಂಪಮ್ಮ ಇಷ್ಟು ಹೊತ್ತು ಬಾಯಿಮುಚ್ಚಿಕೊಂಡಿದ್ದದ್ದೇ ಹೆಚ್ಚು. "ಇಂಗೇ ಕಳಿಸ್ಬುಡ್ತೀರಾ ಅಮ್ಮಾವ್ರೆ?"

"ನಿನಗೆ ಗೊತ್ತಾಗೋಲ್ಲ ಸುಮ್ಮನಿರು ಕೆಂಪಮ್ಮ."

"ಗೊತ್ತಾಗ್ದೆ ಏನು? ನನ್ನ ಗಂಡನೂವೆ ಇನ್ನೊಬ್ಳ ತಂದ. ನಾನು ನಿಮ್ಮಂಗೆ ಸುಮ್ಕಿರ್ನಿಲ್ಲ, ನಡುಬೀದೀಲಿ ನಿಂತ್ಕಂಡು ಬೋದೆ. ಅವನ ವಂಸಾನೆಲ್ಲ ಬೋದೆ. ಊರೆಲ್ಲ ನಿಂತು ಕೇಳ್ತು."

ಅಕ್ಕ ತಟ್ಟನೆ ಕೇಳಿದಳು: "ಆಮೇಲೆ?"

"ಆಮೇಲೇನವ್ವ? ಕೇಳ್ಬುಟ್ಟು ಎಲ್ರೂ ಅವರವರ ಮನೆಗೆ ಓದ್ರು. ಒಲ ಅವನ್ದೇ, ಮನೆ ಅವನ್ದೇ. ನಾನು ಕುಕ್ಕೆ ಒತ್ಕಂಡೆ."

ಅಕ್ಕ ನಕ್ಕುಬಿಟ್ಟಳು. ಕೆಂಪಮ್ಮನೂ ನಕ್ಕಳು. ಅಮ್ಮ ಸೆರಗಿನಿಂದ ಬಾಯಿ ಮುಚ್ಚಿಕೊಂಡಳು, ನಗುವುದಕ್ಕಲ್ಲ.

ಬಸ್ಸಿನ ಹೊತ್ತಾಗುತ್ತ ಬಂತು. "ಏಳೇ, ತಲೆ ಬಾಚಿಕೋ" ಎಂದಳು ಅಮ್ಮ. ಅಕ್ಕ ಏಳಲಿಲ್ಲ. ಉಳಿದ ಹಣ್ಣನ್ನೆಲ್ಲ ಕುಟ್ಟಿದಳು, ಉಪ್ಪು ಬೆರೆಸಿದಳು, ಜಾಡಿಗೆ ಹಾಕಿ ಮುಷ್ಟಿಯಿಂದ ಒತ್ತಿ ಒತ್ತಿ ತುಂಬಿದಳು. ಬೆರಳಿನ ಚರ್ಮ ಸುಲಿದು ಕೆಂಪಾಗಿತ್ತು. ಜಾಡಿಯ ಬಾಯಿಗೆ ಬಟ್ಟೆ ಕಟ್ಟಿ ಆದಮೇಲೆ ಬಚ್ಚಲಿಗೆ ಹೋಗಿ ಕೈ ತೊಳೆದಳು. ಬಹಳ ಹೊತ್ತು ತೊಳೆದಳು. ಬರುವುದಿಲ್ಲ ಎಂದು ಇನ್ನೊಂದು ಸಲ ಅನ್ನಲಿಲ್ಲ, ಬರುತ್ತೇನೆ ಎಂದೂ ಅನ್ನಲಿಲ್ಲ.

ಮಾವ ಎದ್ದು ಮುಖ ತೊಳೆದು ಹಿತ್ತಿಲ ಬಾಗಿಲಿಗೆ ಬಂದು, ಜಾಡಿ ನೋಡಿ, "ಹಣ್ಣು ಒಳ್ಳೇ ಬಣ್ಣ ಇದೆಯಲ್ಲ! ಮದುವೆ ಅಡುಗೆಗೆ ಒಂದಿಷ್ಟು ಕೊಡಿ ಬೀಗಿತ್ತಿಯವರೇ" ಎಂದರು. ಅಮ್ಮ ಜಾಡಿಯ ಬಟ್ಟೆ ಬಿಚ್ಚಿ ಬಾಳೆಲೆಯಲ್ಲಿ ಕಟ್ಟಿಕೊಟ್ಟಳು. ಅಕ್ಕನಿಗೆ ಕುಂಕುಮ ಕೊಟ್ಟಳು, ಮಡಿಲಿಗೆ ಅಕ್ಕಿ ತುಂಬಿದಳು. ನಮ್ಮ ಮರ್ಯಾದೆಗೆ ಎಲ್ಲೂ ಕೊರತೆಯಾಗಲಿಲ್ಲ.

ಅಣ್ಣ ಗಂಟು ಹಿಡಿದುಕೊಂಡು ಬಸ್ಸಿನವರೆಗೆ ಹೋದರು. ಹಿಂದಿರುಗಿ ಬಂದು ಜಗಲಿಯಲ್ಲಿ ಕೂತರು. ಅಮ್ಮ ಬಾಗಿಲಿಗೆ ಬಂದು ನಿಂತಾಗ, "ಬಸ್ಸಿನಲ್ಲಿ ಕೂತುಕೊಳ್ಳೋಕೆ ಜಾಗ ಸಿಕ್ಕಿತು" ಎಂದರು. ಅಕ್ಕನ ಬಗ್ಗೆ ಅವತ್ತು ಅವರು ಆಡಿದ್ದು ಅದೊಂದೇ ಮಾತು.

ಮದುವೆಗೆ ನಮ್ಮನ್ನೂ ಕರೆದಿದ್ದರು. ಯಾರೂ ಹೋಗಲಿಲ್ಲ. ಅಕ್ಕ ಅಡುಗೆಯ ಮೇಲ್ವಿಚಾರಣೆ ನೋಡಿಕೊಂಡಳಂತೆ, ಸಾರು ಬಹಳ ಚೆನ್ನಾಗಿತ್ತಂತೆ. ಹೊಸಬಳ ಹೆಸರು ಜಾನಕಿ. ಅಕ್ಕನಿಗಿಂತ ಎಷ್ಟೋ ಚಿಕ್ಕವಳು. ಬಂದ ಹೊಸತರಲ್ಲಿ ಅಕ್ಕನನ್ನು ಕಂಡರೆ ಹೆದರಿ ಕಂಬದ ಹಿಂದೆ ನಿಲ್ಲುತ್ತಿದ್ದಳಂತೆ.

ಈಗ ನಗಬೇಕಾದ ಭಾಗ. ನಗು ಬಂದರೆ ನಕ್ಕುಬಿಡಿ, ಅಕ್ಕನೂ ನಗುತ್ತಿದ್ದಳು. ಜಾನಕಿಗೂ ಮಕ್ಕಳಾಗಲಿಲ್ಲ. ಒಂದು ವರ್ಷ, ಎರಡು ವರ್ಷ, ಮೂರು ವರ್ಷ. ಕಬ್ಬು ಮಾತ್ರ ಆಳೆತ್ತರ ಬೆಳೆಯುತ್ತಲೇ ಇತ್ತು. ಯಾರಲ್ಲಿ ಕೊರತೆಯಿದೆ ಎಂಬುದನ್ನು ಲೆಕ್ಕ ಹಾಕುವುದಕ್ಕೆ ಗುಮಾಸ್ತೆಯ ಬುದ್ಧಿಯೇ ಬೇಕಿರಲಿಲ್ಲ. ಆದರೂ ಆ ಮನೆಯಲ್ಲಿ ಒಂದು ಬೆಳಗ್ಗೆ ಮಾವ, "ಕೊಳ್ಳೇಗಾಲದ ಕಡೆ ಒಂದು ಹೆಣ್ಣಿದೆಯಂತೆ" ಎಂದು ಮಾತು ತೆಗೆದರು. ಭಾವ ಬೇಡ ಎನ್ನಲಿಲ್ಲ.

ಅವತ್ತು ಹೊತ್ತು ನೆತ್ತಿಗೇರಿದರೂ ಅಡುಗೆಮನೆಯಿಂದ ಹೊಗೆ ಏಳಲಿಲ್ಲ. ಗಂಡಸರು ಹೋಗಿ ನೋಡಿದರೆ ಒಲೆ ತಣ್ಣಗಿದೆ. ಅಕ್ಕ ಮತ್ತು ಜಾನಕಿ ಎದುರುಬದುರು ಕೂತು ಚೌಕಾಬಾರ ಆಡುತ್ತಿದ್ದಾರೆ. "ಇದೇನಮ್ಮಾ?" ಎಂದರೆ ಅಕ್ಕ, "ಮೂರನೆಯವಳು ಬಂದು ಹಚ್ಚಲಿ ಮಾವಯ್ಯ" ಎಂದಳಂತೆ. ಜಾನಕಿ ಕವಡೆ ಎಸೆಯುತ್ತ, "ನಂದು ಬಾರ ಬಿತ್ತು ಅಕ್ಕ" ಎಂದಳಂತೆ. ಒಲೆ ಮಾರನೆಯ ದಿನವೂ ಉರಿಯಲಿಲ್ಲ. ಅದರ ಮಾರನೆಯ ದಿನ ಕೊಳ್ಳೇಗಾಲದ ಮಾತು ಬಿಟ್ಟುಹೋಯಿತು. ಅಲ್ಲಿಗೆ ಅವರ ಗೆಲುವು ಅಷ್ಟೇ. ಸೌಟು ಮತ್ತೆ ಕೈಗೆ ಬಂತು.

ಅಷ್ಟರಲ್ಲಿ ನನ್ನ ಮದುವೆಯ ಕಾಲ ಬಂದಿತ್ತು. ಗಂಡಿನ ಕಡೆಯವರು ನೋಡುವುದಕ್ಕೆ ಬಂದರು. ಅಣ್ಣ ಹಿಂದಿನ ದಿನದಿಂದ ತಮ್ಮಷ್ಟಕ್ಕೆ ತಾವೇ ಏನೋ ಗೊಣಗಿಕೊಳ್ಳುತ್ತಿದ್ದರು. ದೊಡ್ಡ ಮಗಳ ವಿಷಯ ಕೇಳಿದರೆ ಏನು ಹೇಳಬೇಕು ಅಂತ ಪಾಠ ಒಪ್ಪಿಸುವ ಹುಡುಗರ ಹಾಗೆ ಬಾಯಿಪಾಠ ಮಾಡುತ್ತಿದ್ದರು. ಬಂದವರು ಉಪ್ಪಿಟ್ಟು ತಿಂದರು, ನನ್ನ ಕೈಯಲ್ಲಿ ಒಂದು ಹಾಡು ಹೇಳಿಸಿದರು, ಜಾತಕ ತೆಗೆದುಕೊಂಡರು, ಮದ್ದೂರಿನ ಬಸ್ಸು ಎಷ್ಟು ಹೊತ್ತಿಗೆ ಎಂದು ಕೇಳಿದರು. ಹೊರಟುಹೋದರು. ಎಂಟು ದಿನದಲ್ಲಿ ಒಪ್ಪಿಗೆ ಬಂತು.

"ನಾಗು ವಿಷಯ ಅವರು ಕೇಳಲೇ ಇಲ್ಲವಲ್ಲ" ಎಂದಳು ಅಮ್ಮ.

"ಕೇಳಲಿಲ್ಲ" ಎಂದರು ಅಣ್ಣ. ಎದ್ದು ಹಿತ್ತಿಲಿಗೆ ಹೋದವರು ಕತ್ತಲಾಗುವವರೆಗೆ ಒಳಗೆ ಬರಲಿಲ್ಲ.

ಮದುವೆಗೆ ಅಕ್ಕ ಬಂದಳು. ಜೊತೆಯಲ್ಲಿ ಜಾನಕಿಯನ್ನೂ ಕರೆತಂದಳು. ಧಾರೆಯ ದಿನ ಬೆಳಗ್ಗೆ ನನ್ನ ಜಡೆ ಹೆಣೆದವಳು ಅಕ್ಕ, ಪಕ್ಕದಲ್ಲಿ ಕೂತು ಮೊಗ್ಗು ಎತ್ತಿಕೊಟ್ಟವಳು ಜಾನಕಿ. ಹೇಳಬಾರದಿತ್ತೋ ಏನೋ, ನಾನು ಹೇಳಿಬಿಟ್ಟೆ: "ಅಕ್ಕ, ಗಂಡಿನ ಕಡೆಯವರು ನಿನ್ನ ವಿಷಯ ಒಂದು ಮಾತೂ ಕೇಳಲಿಲ್ಲವಂತೆ ಕಣೇ."

ಕೂದಲಿನಲ್ಲಿದ್ದ ಕೈ ನಿಂತಿತು. ಜಾನಕಿ ನೀಡಿದ ಮೊಗ್ಗನ್ನು ಅದು ತೆಗೆದುಕೊಳ್ಳಲಿಲ್ಲ. ಅಕ್ಕನ ಮುಖ ನನಗೆ ಕಾಣುತ್ತಿರಲಿಲ್ಲ, ಅವಳು ನನ್ನ ಬೆನ್ನ ಹಿಂದಿದ್ದಳು. ಆಮೇಲೆ ಜಡೆಯ ಮೂರು ಕಾಲನ್ನೂ ಸೇರಿಸಿ ಹಿಡಿದು ಜೋರಾಗಿ ಎಳೆದಳು.

"ತಲೆ ಅಲ್ಲಾಡಿಸಬೇಡ ಪದ್ದೂ. ಜಡೆ ಸೊಟ್ಟಗಾಗತ್ತೆ."

ಎಷ್ಟು ಬಿಗಿಯಾಗಿ ಹೆಣೆದಿದ್ದಳೆಂದರೆ ಧಾರೆಯ ಹೊತ್ತಿಗೆ ನೆತ್ತಿಯೆಲ್ಲ ನೋಯುತ್ತಿತ್ತು, ಕಣ್ಣಿನಲ್ಲಿ ನೀರು ನಿಲ್ಲುತ್ತಿರಲಿಲ್ಲ. ಸುತ್ತ ನಿಂತಿದ್ದ ಹೆಂಗಸರು, ಪಾಪ, ತವರು ಬಿಡುವ ದುಃಖ ಎಂದರು.